ನಿದ್ದಿ ಬರೂ ಗುಳಗಿ

ಹೆಣವನ್ನು ಮೊದಲು ಕಂಡವರು ಕಬ್ಬು ಕಡಿಯಲು ಹೊರಟಿದ್ದ ಹೆಂಗಸರು. ಕಲ್ಲೋಳಿಯ ಹೊರಗೆ, ಕಾಲುವೆಯ ಗೇಟಿನ ಮುಂದೆ ಕಸ ತಡೆಯಲು ಹಾಕಿದ್ದ ಕಬ್ಬಿಣದ ಜಾಳಿಗೆಗೆ ಅದು ಒತ್ತಿಕೊಂಡು ನಿಂತಿತ್ತು. ನೀರಿನ ಮೇಲೆ ಖಾಕಿ ಅಂಗಿ ಉಬ್ಬಿಕೊಂಡಿತ್ತು. ಯಾರೋ ಒಗೆಯುವಾಗ ಬಿಟ್ಟ ಅಂಗಿ ಇರಬೇಕು ಎಂದುಕೊಂಡು ಹನಮವ್ವ ಎಂಬ ಹೆಂಗಸು ಹತ್ತಿರ ಹೋದಳು. ಅಂಗಿಯೊಳಗೆ ಮನುಷ್ಯನಿದ್ದ. ಕುಡಗೋಲು ಅಲ್ಲೇ ಬಿಸಾಕಿ ಊರ ಕಡೆ ಓಡಿದಳು.

1999ರ ಜನವರಿ ಹತ್ತೊಂಬತ್ತು, ಮಂಗಳವಾರ.

ಮೂಡಲಗಿ ಠಾಣೆಯಿಂದ ಎ.ಎಸ್.ಐ. ಸಿದ್ರಾಮ ಬಂದಾಗ ಎಂಟೂವರೆ. ಅವನಿಗೆ ನಲವತ್ತೆಂಟು ವಯಸ್ಸು. ಹೊಲಗಳಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಸುಡುವ ದಿನಗಳಲ್ಲಿ ಅವನಿಗೆ ಸೀನು ನಿಲ್ಲುತ್ತಿರಲಿಲ್ಲ. ಅವತ್ತೂ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮೋಟಾರ್ ಸೈಕಲ್ಲಿನಿಂದ ಇಳಿದ. ನಾಲ್ಕು ಜನ ಸೇರಿ ಹೆಣವನ್ನು ದಂಡೆಗೆ ಎಳೆದು ಮಲಗಿಸಿದ್ದರು.

ಸತ್ತವನು ಖಂಡೆಪ್ಪ. ನೀರಾವರಿ ಇಲಾಖೆಯಲ್ಲಿ ಗೇಟು ನೋಡಿಕೊಳ್ಳುವ ನೌಕರ. ಮೂವತ್ತು ವರ್ಷಗಳಿಂದ ಅವನ ಕೆಲಸ ಒಂದೇ: ನಸುಕಿನಲ್ಲಿ ಬಂದು ಗೇಟಿನ ಮೇಲಿನ ಹಲಗೆಯ ಮೇಲೆ ನಿಂತು, ಕಬ್ಬಿಣದ ಹಿಡಿಕೆ ತಿರುವಿ, ಪಾಳಿ ಇದ್ದವರ ಹೊಲಕ್ಕೆ ನೀರು ಬಿಡುವುದು. ಬರುವ ಮಾರ್ಚಿಗೆ ನಿವೃತ್ತಿಯಿತ್ತು.

ಸಿದ್ರಾಮ ಸುತ್ತಲೂ ನೋಡಿದ. ಸೈಕಲ್ಲು ಸ್ಟ್ಯಾಂಡ್ ಹಾಕಿ ನಿಂತಿತ್ತು. ಕ್ಯಾರಿಯರ್ ಮೇಲೆ ಮಡಿಸಿಟ್ಟ ಕಂಬಳಿ. ಹಿಡಿಕೆ ಇನ್ನೂ ಗೇಟಿನ ಹಲ್ಲಿಗೆ ಸಿಕ್ಕಿಸಿದಂತೆಯೇ ಇತ್ತು. ಗೇಟು ನಾಲ್ಕು ಬೆರಳಷ್ಟು ಮಾತ್ರ ಎದ್ದಿತ್ತು. ಅಂದರೆ ತಿರುವುತ್ತಿರುವಾಗಲೇ ಬಿದ್ದಿದ್ದಾನೆ. ಒಂದು ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ಸಾಯಲೆಂದು ಹಾರಿದವನು ಅರ್ಧ ಕೆಲಸ ಮಾಡಿ ಹಾರುವುದಿಲ್ಲ.

ಕುಡಿದು ಬಿದ್ದಿರಬೇಕು ಎಂದು ಗುಂಪಿನಲ್ಲಿ ಯಾರೋ ಅಂದರು. ಬೆಳಿಗ್ಗೆ ದಾರಿಯಲ್ಲಿ ತೂರಾಡುತ್ತಿದ್ದನಂತೆ. ಸಿದ್ರಾಮ ಬಗ್ಗಿ ನೋಡಿದ. ಖಂಡೆಪ್ಪನ ಕೊರಳಲ್ಲಿ ತುಳಸಿ ಮಾಲೆಯಿತ್ತು. ವರ್ಷಕ್ಕೆ ಎರಡು ಸಲ ಪಂಢರಪುರಕ್ಕೆ ನಡೆದು ಹೋಗುವ ಮನುಷ್ಯ. ಬಾಯಲ್ಲಿ ಸೆರೆಯ ವಾಸನೆ ಇರಲಿಲ್ಲ.

ಇನ್ನೊಂದು ಮಾತು ಅವನನ್ನು ಕಾಡಿತು. ಈ ಕಾಲುವೆಗೆ ಬಿದ್ದ ಹನ್ನೊಂದು ಜನರನ್ನು ಖಂಡೆಪ್ಪ ಈಜಿ ಜೀವಂತ ಎತ್ತಿದ್ದ. ಅದು ಠಾಣೆಯ ಕಾಗದಗಳಲ್ಲೇ ಇತ್ತು. ಅಂಥವನು ದಂಡೆಯಿಂದ ಮೂರು ಮಾರು ದೂರದಲ್ಲಿ ಹೇಗೆ ಮುಳುಗಿದ?

*

ಸಂಶಯ ಮೊದಲು ಹೋದದ್ದು ಅಲ್ಲಪ್ಪನ ಮೇಲೆ. ಗೇಟಿನ ಕೆಳಗೆ ಅವನದು ಎಂಟು ಎಕರೆ ಕಬ್ಬು. ಹಿಂದಿನ ದಿನ ಸೋಮವಾರ ಖಂಡೆಪ್ಪನ ಕೂಡ ಅವನು ಜಗಳ ತೆಗೆದದ್ದನ್ನು, ನಿನ್ನನ್ನು ಇದೇ ನೀರಿಗೆ ಒಗೆಯುತ್ತೇನೆ ಎಂದದ್ದನ್ನು ಹತ್ತು ಜನ ಕೇಳಿದ್ದರು.

ಅಲ್ಲಪ್ಪ ಓಡಿಹೋಗಿರಲಿಲ್ಲ. ಹೊಲದ ಬದುವಿನ ಮೇಲೆ ತಲೆಗೆ ಕೈ ಹಚ್ಚಿ ಕೂತಿದ್ದ. ಸಿದ್ರಾಮ ಎದುರಿಗೆ ಹೋಗಿ ನಿಂತಾಗ ತಾನಾಗಿಯೇ ಎಲ್ಲ ಒಪ್ಪಿಕೊಂಡ. ಅಂದದ್ದು ಖರೆ. ಸಿಟ್ಟಿನಲ್ಲಿ ಅಂದದ್ದು. ಅವನ ಪಾಳಿ ಬೆಳಿಗ್ಗೆ ಆರರಿಂದ ಹತ್ತರವರೆಗೆ. ಆದರೆ ಭಾನುವಾರ ನೀರು ಬಂದದ್ದು ಒಂಬತ್ತಕ್ಕೆ. ಸೋಮವಾರವೂ ಹಾಗೇ. ನೋಡಲು ಹೋದರೆ ಖಂಡೆಪ್ಪ ದಂಡೆಯ ಕಲ್ಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಎರಡು ಸಲ ಅಲುಗಾಡಿಸಬೇಕಾಯಿತು.

“ಇವತ್ತ ಮುಂಜಾನೆ ಕಂಡಿದ್ದೇನು?” ಸಿದ್ರಾಮ ಕೇಳಿದ.

“ಕಂಡಿದ್ದೆ ನೋಡ್ರಿ. ಆರೂಕಾಲಕ್ಕ ಸೈಕಲ್ ನೂಕ್ಕೋತ ಬಂದಾ. ಹತ್ತಿರಲಿಲ್ಲ. ನೀರ ಕೇಳಿದಾ. ಒಂದ ತಂಬಗಿ ಕೊಟ್ನಿ, ಮತ್ತೊಂದ ಕೇಳಿದಾ. ಅದೂ ಮುಗಿಸಿ ಮೂರನೇದ್ದಕ್ಕ ಕೈ ಚಾಚಿದಾ. ಇಂಥಾ ಚಳಿಯಾಗ ಯಾರರ ಅಷ್ಟ ನೀರ ಕುಡೀತಾರ್ರಿ?”

“ವಾಸನಿ ಬಂತು?”

“ಇಲ್ರಿ. ಆದ್ರ ನಾಲಿಗಿ ಹೊಳ್ಳತಿರಲಿಲ್ಲ. ಏನೋ ಅಂದಾ, ತಿಳೀಲಿಲ್ಲ. ಕುಡದಾನ ಅಂತ ನಾನೂ ಸುಮ್ಮನಾದ್ನಿ.” ಅಲ್ಲಪ್ಪ ಮತ್ತೆ ಅಂದ, “ನಿನ್ನೆ ಬೈದಾಂವಗ ಇವತ್ತ ನೀರ ಕೊಟ್ನಲ್ಲಾ ಅಂತ ಸಮಾಧಾನ ಆಗಿತ್ರಿ ನನಗ.”

ಕೊಲ್ಲುವವನು ಹಾಗೆ ಮಾತಾಡುವುದಿಲ್ಲ ಎಂದು ಸಿದ್ರಾಮನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯಲು ಬರುವುದಿಲ್ಲ. ಅಲ್ಲಪ್ಪನ ಹೇಳಿಕೆ ಬರೆದುಕೊಂಡು, ಊರು ಬಿಟ್ಟು ಹೋಗಬಾರದೆಂದು ಹೇಳಿ ಹೊರಟ. ಮೂರು ತಂಬಿಗೆ ನೀರು ಮಾತ್ರ ತಲೆಯಲ್ಲಿ ಉಳಿಯಿತು.

*

ಖಂಡೆಪ್ಪನ ಮನೆ ಊರ ಕೊನೆಯಲ್ಲಿತ್ತು. ಎರಡು ಖೋಲಿ, ಮುಂದೆ ಒಂದು ಎಮ್ಮೆ. ಹೆಂಡತಿ ಕೆಂಪವ್ವ ಗೋಡೆಗೆ ಒರಗಿ ಕೂತಿದ್ದಳು. ಸುತ್ತಲಿನವರು ಅಳುತ್ತಿದ್ದರು. ಅವಳ ಕಣ್ಣು ಒಣಗಿತ್ತು. ಆಘಾತವಾದವರು ಹಾಗೆಯೇ ಇರುತ್ತಾರೆ. ಸಿದ್ರಾಮ ಅಂಥ ಎಷ್ಟೋ ಮನೆಗಳನ್ನು ನೋಡಿದ್ದ.

ಕೇಳಿದ್ದಕ್ಕೆಲ್ಲ ಅವಳು ಮೆಲ್ಲಗೆ, ಸರಿಯಾಗಿ ಉತ್ತರ ಕೊಟ್ಟಳು. ಗಂಡ ಐದಕ್ಕೆ ಎದ್ದ. ಒಂದು ವಾಟಗ ಚಹಾ ಕುಡಿದ. ಹೊಟ್ಟೆಗೆ ಮತ್ತೇನೂ ಹಾಕಿಕೊಳ್ಳಲಿಲ್ಲ. ಮೈಮೇಲೆ ಪಿತ್ತದ ಗಂಧೆ ಏಳುತ್ತಿದ್ದವು, ಅದಕ್ಕೆ ರಾತ್ರಿ ಊಟವಾದ ಮೇಲೆ ಒಂದು ಗುಳಿಗೆ ನುಂಗುತ್ತಿದ್ದ. ಗೂಡಿನಿಂದ ಗುಳಿಗೆಯ ಪಟ್ಟಿ ತಂದು ತೋರಿಸಿದಳು. ಕೈ ಚಾಚಿದಾಗ ಮುಂಗೈ ಮೇಲೆ ಹಸಿರು ಹಚ್ಚೆ ಕಂಡಿತು, ತುಳಸಿ ಕಟ್ಟೆಯ ಚಿತ್ರ.

ಒಬ್ಬನೇ ಮಗ ರಾಜಪ್ಪ. ಇಪ್ಪತ್ತೆಂಟು ವಯಸ್ಸು. ಶುಕ್ರವಾರವೇ ಹುಕ್ಕೇರಿಗೆ ಸೋದರಮಾವನ ಮನೆಗೆ ಹೋಗಿದ್ದ. ಸುದ್ದಿ ಮುಟ್ಟಿ ಮಧ್ಯಾಹ್ನದ ಬಸ್ಸಿಗೆ ಬಂದ. ಬಂದವನೇ ತಂದೆಯ ಪಾದದ ಹತ್ತಿರ ಕುಸಿದು ಕೂತ.

ಗೋಕಾಕದ ಆಸ್ಪತ್ರೆಯಲ್ಲಿ ಹೆಣ ಕೊಯ್ದ ಡಾಕ್ಟರು ನೀರಲ್ಲಿ ಮುಳುಗಿ ಸತ್ತದ್ದು ಎಂದರು. ಗಾಯವಿಲ್ಲ. ಯಾರೂ ಹಿಡಿದ, ದೂಡಿದ ಗುರುತಿಲ್ಲ. ಸೆರೆ ಕುಡಿದ ಲಕ್ಷಣವೂ ಇಲ್ಲ. ಪಿ.ಎಸ್.ಐ. ಸಾಹೇಬರು ಆಕಸ್ಮಿಕ ಎಂದು ಮುಗಿಸೋಣ ಎಂದರು. ಹೊಟ್ಟೆಯೊಳಗಿನದನ್ನು ಬೆಳಗಾವಿಯ ಪ್ರಯೋಗಾಲಯಕ್ಕೆ ಕಳಿಸೋಣ ಎಂದು ಸಿದ್ರಾಮ ಹಟ ಹಿಡಿದ. ಯಾಕೆ ಎಂದು ಅವರು ಕೇಳಿದರು. ಬಾಯಾರಿಕೆ ಎಂದು ಅವನು ಹೇಳಿದ. ಅವರು ನಕ್ಕು ಸಹಿ ಹಾಕಿದರು.

*

ಹನ್ನೊಂದನೆಯ ದಿನ ಕೆಂಪವ್ವ ಮಗನನ್ನು ಕರೆದುಕೊಂಡು ಠಾಣೆಗೆ ಬಂದಳು. ಪೊಲೀಸರ ಕಡೆಯ ವರದಿ ಬೇಕಿತ್ತು. ನೌಕರಿಯಲ್ಲಿದ್ದಾಗಲೇ ತೀರಿಕೊಂಡವನ ಮಗನಿಗೆ ಅನುಕಂಪದ ಮೇಲೆ ನೌಕರಿ ಸಿಗುತ್ತದೆ. ಅರ್ಜಿಯ ಜೊತೆ ಈ ವರದಿಯನ್ನೂ ಇಡಬೇಕು.

ರೈಟರ್ ಮೂಗು ಮುರಿದ. ಸೂತಕ ಕಳೆಯುವ ಮೊದಲೇ ಬಂದರಲ್ಲ ಎಂದ. ಸಿದ್ರಾಮ ಅವನನ್ನು ಗದರಿಸಿದ. ಸಿದ್ರಾಮನ ತಂದೆಯೂ ಕಾನ್‌ಸ್ಟೆಬಲ್ ಆಗಿದ್ದವರು, ಡ್ಯೂಟಿಯಲ್ಲೇ ತೀರಿಕೊಂಡರು. ಆಗ ಸಿದ್ರಾಮನಿಗೆ ಹತ್ತೊಂಬತ್ತು. ಒಂಬತ್ತನೆಯ ದಿನವೇ ಅವ್ವ ಅವನ ಕೈ ಹಿಡಿದು ಕಚೇರಿಗೆ ಕರೆದೊಯ್ದಿದ್ದಳು. ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಆದ ನಾಚಿಕೆ ಅವನಿಗಿನ್ನೂ ನೆನಪಿತ್ತು. ಹಸಿದವರಿಗೆ ಸೂತಕ ನೋಡಿಕೊಂಡು ಕೂರಲು ಆಗುವುದಿಲ್ಲ.

ಅವನೇ ಕೂತು ರಾಜಪ್ಪನ ಅರ್ಜಿಯಲ್ಲಿದ್ದ ತಪ್ಪು ತಿದ್ದಿಕೊಟ್ಟ. ಬೆಳಗಾವಿಯಿಂದ ಕಾಗದ ಬಂದ ಕೂಡಲೇ ವರದಿ ಕೊಡುತ್ತೇನೆ, ಅಷ್ಟರಲ್ಲಿ ಉಳಿದ ಕಾಗದ ಕಳಿಸಿರಿ ಎಂದ. ಕೆಂಪವ್ವ ಎರಡೂ ಕೈ ಜೋಡಿಸಿದಳು.

*

ಫೆಬ್ರವರಿ ಕೊನೆಗೆ ಬೆಳಗಾವಿಯ ಕಾಗದ ಬಂತು. ಖಂಡೆಪ್ಪನ ಹೊಟ್ಟೆಯಲ್ಲಿ ಚಹಾ ಇತ್ತು. ಚಹಾದ ಜೊತೆ ಪ್ರೊಮೆಥಜಿನ್ ಎಂಬ ಔಷಧ ಇತ್ತು. ಒಂದು ಗುಳಿಗೆಗಿಂತ ಬಹಳ ಹೆಚ್ಚು.

ಸಿದ್ರಾಮ ಕಾಗದ ಹಿಡಿದು ಗೋಕಾಕದ ಡಾಕ್ಟರ್ ಕುಂಥುನಾಥರ ದವಾಖಾನೆಗೆ ಹೋದ. ಖಂಡೆಪ್ಪನ ಗಂಧೆಗೆ ಔಷಧ ಕೊಡುತ್ತಿದ್ದವರು ಅವರೇ. ಅರವತ್ತು ದಾಟಿದ ಮೃದು ಸ್ವಭಾವದ ಮನುಷ್ಯ. ಕಾಗದ ಓದಿ ಕನ್ನಡಕ ತೆಗೆದಿಟ್ಟರು.

“ಇದ ನಾ ಕೊಟ್ಟ ಗುಳಗಿ ಅಲ್ರಿ. ಇದು ಹಳೇ ಜಾತಿ. ನಾ ಕೊಟ್ಟದ್ದು ಸೆಟ್ರಿಜಿನ್, ಹೊಸಾದು.”

“ಎರಡೂ ಗಂಧೀಗೇ ಅಲ್ರಿ ಕೊಡೂದು? ಫರಕ ಏನೈತಿ?”

“ಹಿಸ್ಟಮಿನ್ ಅಂತ ಒಂದ ದ್ರವ್ಯ ನಮ್ಮ ಮೈಯಾಗ ಐತಿ ನೋಡ್ರಿ. ಮೈಗೆ ಒಲ್ಲದ್ದು ಏನರ ಬಂತಂದ್ರ ಅದು ಹೊರಗ ಬೀಳತೈತಿ. ಚರ್ಮದಾಗ ಅದಕ್ಕಂತ ಜಾಗಾ ಇರತಾವು. ಅಲ್ಲಿ ಹೋಗಿ ಕೂತ್ರ ಗಂಧಿ ಏಳತಾವು. ಮೂಗಿನಾಗ ಕೂತ್ರ ನಿಮ್ಮಂಗ ಸೀನು. ಈ ಗುಳಗಿ ಏನ ಮಾಡತೈತಿ, ಅದರಕಿಂತ ಮೊದಲ ಹೋಗಿ ಆ ಜಾಗಾ ಹಿಡೀತೈತಿ. ಬಸ್ಸಿನ ಕಿಡಕ್ಯಾಗಿಂದ ಟಾವೆಲ್ ಒಗದ ಸೀಟ ಹಿಡದಂಗ. ಹಿಸ್ಟಮಿನ್ ಬಂದ್ರೂ ಕುಂಡ್ರಾಕ ಜಾಗಾ ಸಿಗೂದಿಲ್ಲ.”

“ಮತ್ತ ನಿದ್ದಿ ಯಾಕ ಬರತೈತ್ರಿ?”

“ಅದ ಹಿಸ್ಟಮಿನ್ ಮಿದುಳಿನ್ಯಾಗೂ ಐತಿ. ಅಲ್ಲಿ ಅದರ ಕೆಲಸ ನಮ್ಮನ್ನ ಎಚ್ಚರ ಇಡೂದು. ಹಳೇ ಗುಳಗಿ ಮಿದುಳಿನೊಳಗೂ ಹೋಗಿ ಆ ಸೀಟೂ ಹಿಡೀತಾವು. ಮನಶ್ಯಾ ತೂಕಡಸತಾನ. ಹೊಸಾವು ಮಿದುಳಿಗೆ ಹೋಗೂದು ಭಾಳ ಕಡಿಮಿ.”

ಹಳೆಯ ಜಾತಿಗೆ ಬೇರೆ ಗುಣಗಳೂ ಇದ್ದವು. ಬಾಯಿ ಒಣಗುತ್ತದೆ, ನಾಲಿಗೆ ಅಂಟುತ್ತದೆ, ಕಣ್ಣು ಮಂಜಾಗುತ್ತದೆ, ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುತ್ತದೆ. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ. ನೋಡಿದವರಿಗೆ ಕುಡಿದಂತೆಯೇ ಕಾಣುತ್ತದೆ. ಕೆಟ್ಟ ಔಷಧವೇನೂ ಅಲ್ಲ, ವಾಂತಿಗೆ, ಪ್ರಯಾಣದ ತಲೆಸುತ್ತಿಗೆ ಈಗಲೂ ಕೊಡುತ್ತಾರೆ. ಆದರೆ ಬಸ್ಸು ನಡೆಸುವವರಿಗೆ, ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಕೊಡಬಾರದು.

ಮೂರು ತಂಬಿಗೆ ನೀರಿಗೆ ಕಾರಣ ಸಿಕ್ಕಿತು.

ಕುಂಥುನಾಥರು ಹಳೆಯ ಚೀಟಿಗಳ ಕಟ್ಟು ತೆಗೆದು ನೋಡಿದರು. ಮೂರು ವರ್ಷದ ಹಿಂದೆ ಖಂಡೆಪ್ಪ ಹುಕ್ಕೇರಿ ಕಡೆ ಕೆಲಸದಲ್ಲಿದ್ದ. ಅಲ್ಲಿಯ ಒಬ್ಬ ವೈದ್ಯರು ಈ ಹಳೇ ಗುಳಿಗೆ ಬರೆದುಕೊಟ್ಟಿದ್ದರು, ರಾತ್ರಿ ಮಾತ್ರ ನುಂಗಲು. ಇವನು ಒಂದು ದಿನ ಮರೆತು ಬೆಳಿಗ್ಗೆ ನುಂಗಿ ಗೇಟಿನ ಹತ್ತಿರ ಮಲಗಿಬಿಟ್ಟ. ಮೇಲಿನವರಿಂದ ಮೆಮೊ ಬಂತು. ಹೆದರಿಕೊಂಡು ಗಂಡ ಹೆಂಡತಿ ಇಬ್ಬರೂ ಕುಂಥುನಾಥರ ಹತ್ತಿರ ಬಂದಿದ್ದರು. ನೀರಿನ ಮೇಲೆ ನಿಂತು ಕೆಲಸ ಮಾಡುವವನಿಗೆ ಇದು ಬೇಡವೇ ಬೇಡ ಎಂದು ಇವರು ಔಷಧ ಬದಲಿಸಿದರು. ಹಳೆಯ ಚೀಟಿ ಹರಿದು ಒಗೆಯಿರಿ ಎಂದೂ ಹೇಳಿದ್ದರು.

*

ಹಾಗಾದರೆ ತಪ್ಪು ಔಷಧದಂಗಡಿಯದೇ? ಕಲ್ಲೋಳಿಯ ವೀರಪ್ಪ ಸೆಟ್ರಿಜಿನ್ ಇಲ್ಲದ ದಿನ ಅದರ ಬದಲು ಹಳೆಯದನ್ನು ಕೊಟ್ಟಿರಬಹುದು. ಸಿದ್ರಾಮ ಹೋಗಿ ನೋಡಿದ. ವೀರಪ್ಪ ಬೆವರಿದ. ಆದರೆ ಅವನ ಅಂಗಡಿಯಲ್ಲಿ ಆ ಹಳೇ ಗುಳಿಗೆ ಇಡುತ್ತಲೇ ಇರಲಿಲ್ಲ. ಖಂಡೆಪ್ಪನ ಮನೆಯಲ್ಲಿದ್ದ ಪಟ್ಟಿಯೂ ಸೆಟ್ರಿಜಿನ್ನೇ ಆಗಿತ್ತು. ಹತ್ತರಲ್ಲಿ ಆರು ಖಾಲಿ. ಕೊಂಡದ್ದು ಹದಿಮೂರಕ್ಕೆ. ರಾತ್ರಿಗೊಂದು, ಲೆಕ್ಕ ಸರಿ.

ಅಂದರೆ ಖಂಡೆಪ್ಪ ತನ್ನ ಗುಳಿಗೆಯನ್ನು ತಾನು ಸರಿಯಾಗಿಯೇ ನುಂಗುತ್ತಿದ್ದ. ಇದು ಬೇರೆಯದು. ಬೆಳಿಗ್ಗೆ, ಚಹಾದಲ್ಲಿ ಹೋದದ್ದು.

ಠಾಣೆಯ ಹಿಂದಿನ ಬೇವಿನ ಕೆಳಗೆ ಕೂತು ಸಿದ್ರಾಮ ಎಲ್ಲವನ್ನೂ ಮತ್ತೆ ಮೊದಲಿನಿಂದ ನೋಡಿದ. ಖಂಡೆಪ್ಪ ಸತ್ತರೆ ಯಾರಿಗೆ ಏನು ಸಿಗುತ್ತದೆ? ನೌಕರಿ. ಅದೂ ಮಾರ್ಚಿನೊಳಗೆ ಸತ್ತರೆ ಮಾತ್ರ. ಏಪ್ರಿಲ್ ಒಂದಕ್ಕೆ ಸತ್ತಿದ್ದರೆ ಮಗನಿಗೆ ಏನೂ ಇಲ್ಲ.

ರಾಜಪ್ಪ.

ಅವನ ಅರ್ಜಿ ತಿದ್ದಿಕೊಟ್ಟದ್ದು ತಾನೇ. ಹುಡುಗ ಇದ್ದದ್ದು ಹುಕ್ಕೇರಿಯಲ್ಲಿ. ಹಳೆಯ ಚೀಟಿಯೂ ಹುಕ್ಕೇರಿಯದು. ಮರುದಿನವೇ ಅವನು ಅಲ್ಲಿಗೆ ಹೋಗುವ ಬಸ್ಸು ಹಿಡಿದ.

*

ಹುಕ್ಕೇರಿಯಲ್ಲಿ ಅವನು ಹೊಕ್ಕ ಮೂರನೆಯ ಔಷಧದಂಗಡಿ ಬಸ್ ನಿಲ್ದಾಣದ ಬಾಜೂಕ್ಕಿತ್ತು. ಅದನ್ನು ನಡೆಸುತ್ತಿದ್ದವಳು ಸಂಘಮಿತ್ರಾ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಫಾರ್ಮಸಿ ಓದಿದವಳು. ಹಿಂದೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವಳ ಸರ್ಟಿಫಿಕೇಟು. ಸಿದ್ರಾಮ ರಾಜಪ್ಪನ ಫೋಟೋ ಮುಂದಿಟ್ಟ. ಅವಳು ಸರಿಯಾಗಿ ನೋಡಿ ತಲೆ ಅಲ್ಲಾಡಿಸಿದಳು. ಈ ಮನುಷ್ಯನನ್ನು ನೋಡಿಲ್ಲ.

ಅವನು ಗುಳಿಗೆಯ ಹೆಸರು ಹೇಳಿದ. ಆಗ ಅವಳ ಮುಖ ಬದಲಾಯಿತು.

“ಒಬ್ಬಾಕಿ ಬಂದಿದ್ಳ್ರಿ. ಸಂಕ್ರಾಂತಿ ಮುಂದ. ಐವತ್ತರ ಮ್ಯಾಲಿನಾಕಿ. ಹಳೇ ಚೀಟಿ ತಂದಿದ್ಳು. ಮೂರ ವರ್ಷದ ಚೀಟಿ ನಡೆಂಗಿಲ್ಲ, ಈಗ ಇದಕಿಂತ ಛಲೋದು ಬಂದೈತಿ ಅಂತ ಹೊಸಾದು ಕೊಟ್ನಿ. ತಗೊಂಡ ಹ್ವಾದ್ಳು. ಅರ್ಧಾ ತಾಸಿಗೆ ಹೊಳ್ಳಿ ಬಂದ್ಳು.”

“ಯಾಕ?”

“ಗುಳಗಿ ಕೊಟ್ಟಾಗ ಎಲ್ಲಾರೂ ಕೇಳೂದು ಒಂದ ಮಾತು, ನಿದ್ದಿ ಬರತೈತೇನ್ರಿ ಅಂತ. ಬರತೈತಿ ಅಂದ್ರ ಬ್ಯಾಡ ಅಂತಾರ. ಈಕಿ ಯಾರನ್ನೋ ಕೇಳಕೊಂಡ ಬಂದ, ಇದಕ್ಕ ನಿದ್ದಿ ಬರೂದಿಲ್ಲಂತಲ್ಲಾ, ನನಗ ನಿದ್ದಿ ಬರೂದ ಬೇಕು ಅಂದ್ಳು. ಮೈ ತುರಿಸಿ ರಾತ್ರಿ ಕಣ್ಣ ಮುಚ್ಚಾಕ ಆಗವಲ್ದು ಅಂತ ಅತ್ಲು. ಪಾಪ ಅನಿಸಿ ಕೊಟ್ನಿ.”

ಕೊಡುವಾಗ ಅವಳು ಎಲ್ಲ ಎಚ್ಚರಿಕೆಯನ್ನೂ ಹೇಳಿದ್ದಳು. ರಾತ್ರಿ ಒಂದೇ ನುಂಗಬೇಕು. ಬೆಳಿಗ್ಗೆ ಬೇಡ. ನುಂಗಿದ ಮೇಲೆ ಬಾವಿ, ಕಾಲುವೆಯ ಹತ್ತಿರ ಹೋಗಬಾರದು. ಒಂದಕ್ಕಿಂತ ಹೆಚ್ಚು ನುಂಗಿದರೆ ನಿಂತಲ್ಲೇ ಬೀಳುತ್ತಾರೆ. ಆ ಹೆಂಗಸು ಒಂದೊಂದೇ ಮಾತನ್ನು ತಿರುಗಿ ಅಂದು ಗಟ್ಟಿ ಮಾಡಿಕೊಂಡು ಹೋಗಿದ್ದಳು.

ಅಂಗಡಿಯ ಪುಸ್ತಕದಲ್ಲಿ ಚೀಟಿಯ ಮೇಲಿನ ಹೆಸರು ಬರೆದಿತ್ತು. ಖಂಡೆಪ್ಪ. ತಾರೀಖು ಜನವರಿ ಹನ್ನೆರಡು. ಹೆಂಗಸಿನ ಗುರುತು ಏನಾದರೂ ಇದೆಯೇ ಎಂದು ಸಿದ್ರಾಮ ಕೇಳಿದ. ಸಂಘಮಿತ್ರಾ ತನ್ನ ಮುಂಗೈ ಮುಟ್ಟಿಕೊಂಡಳು. ಅಲ್ಲಿ ಹಸಿರು ಹಚ್ಚೆ, ತುಳಸಿ ಕಟ್ಟೆ.

ಸಿದ್ರಾಮ ಸ್ಟೂಲಿನ ಮೇಲೆ ಕೂತ. ಏನಾಯಿತೆಂದು ಅವಳು ಕೇಳಿದಾಗ ಮುಚ್ಚಿಡಲಾಗಲಿಲ್ಲ. ಹೇಳಿದ. ಅವಳು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು.

“ಹೆಂಗ ಮಾಡಬಾರದಂತ ಹೇಳಿದ್ನಿ,” ಎಂದಳು. “ಹೆಂಗ ಮಾಡಬೇಕಂತ ಹೇಳಿಕೊಟ್ಟಂಗಾತು.”

*

ಮಾರ್ಚ್ ಹತ್ತು, ಬುಧವಾರ. ಸಿದ್ರಾಮ ಒಬ್ಬ ಮಹಿಳಾ ಕಾನ್‌ಸ್ಟೆಬಲ್ಲನ್ನು ಕರೆದುಕೊಂಡು ಕಲ್ಲೋಳಿಗೆ ಹೋದಾಗ ತಾಯಿ ಮಗ ಇಬ್ಬರೂ ಮನೆಯಲ್ಲಿದ್ದರು. ರಾಜಪ್ಪ ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕಚೇರಿಯಲ್ಲಿ ಫೈಲು ಮುಂದೆ ಹೋಗಿದೆ, ಸೋಮವಾರ ಆರ್ಡರ್ ಬರುತ್ತದೆ ಎಂದ. ಪೊಲೀಸ್ ವರದಿ ಆಮೇಲೆ ಕೊಟ್ಟರೂ ನಡೆಯುತ್ತದಂತೆ. ಸಾಹೇಬರು ಅದನ್ನೇ ತಂದಿರಬೇಕು ಎಂದುಕೊಂಡು ಕುರ್ಚಿ ಹಾಕಿದ.

ಸಿದ್ರಾಮ ಕೂಡಲಿಲ್ಲ. ನಿಂತೇ ಹೇಳತೊಡಗಿದ.

ಖಂಡೆಪ್ಪ ಈಜು ಬಲ್ಲವನು. ಮುಳುಗಿದ್ದು ಯಾಕೆಂದರೆ ಬೀಳುವಾಗ ಅವನಿಗೆ ಪ್ರಜ್ಞೆ ಸರಿ ಇರಲಿಲ್ಲ. ಪ್ರಜ್ಞೆ ತಪ್ಪಿಸಿದ್ದು ಗುಳಿಗೆ. ಅದು ಹೋದದ್ದು ಚಹಾದಲ್ಲಿ, ಬೆಳಿಗ್ಗೆ ಹೊಟ್ಟೆಗೆ ಹೋದದ್ದು ಅದೊಂದೇ ಎಂದು ಕೆಂಪವ್ವನೇ ಬರೆಸಿದ್ದಾಳೆ. ಅದೂ ಅವತ್ತೊಂದೇ ದಿನ ಕೊಟ್ಟದ್ದಲ್ಲ. ಮೂವತ್ತು ವರ್ಷದಲ್ಲಿ ಒಂದೇ ಸಲ, ಅದೂ ಇದೇ ಗುಳಿಗೆಯಿಂದ, ಹೊತ್ತು ತಪ್ಪಿದ್ದ ಮನುಷ್ಯ ಭಾನುವಾರ ಮಲಗಿದ, ಸೋಮವಾರ ಮಲಗಿದ, ಮಂಗಳವಾರ ಸತ್ತ. ಅಲ್ಲಪ್ಪನ ಜಗಳಕ್ಕೂ ಕಾರಣ ಅದೇ ಗುಳಿಗೆ. ಆ ಮೂರೂ ದಿನ ರಾಜಪ್ಪ ಹುಕ್ಕೇರಿಯಲ್ಲಿದ್ದ, ಮಾವನ ಮನೆಯಲ್ಲಿ ಹತ್ತು ಜನ ನೋಡಿದ್ದಾರೆ. ಹೋಗುವ ಮೊದಲೇ ಅವನು ಚಹಾಪುಡಿಯಲ್ಲೋ ಬೆಲ್ಲದಲ್ಲೋ ಬೆರೆಸಿಟ್ಟಿದ್ದರೆ ಕೆಂಪವ್ವನೂ ತೂಕಡಿಸಬೇಕಿತ್ತು. ಆ ಮೂರು ಬೆಳಿಗ್ಗೆ ಮನೆಯಲ್ಲಿ ಎಚ್ಚರವಿದ್ದವರು ಒಬ್ಬರೇ.

“ಹನ್ನೆರಡನೇ ತಾರೀಖು ನೀವು ಹುಕ್ಕೇರಿಗೆ ಹೋಗಿದ್ರಿ. ಅಂಗಡಿಯಾಕಿ ನಿಮ್ಮ ಕೈ ಮ್ಯಾಲಿನ ಹಚ್ಚಿ ನೆನಪಿಟ್ಟಾಳ್ರೆವ್ವಾ.”

ಕೆಂಪವ್ವ ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡಳು. ಆಮೇಲೆ, ಅದರಿಂದ ಪ್ರಯೋಜನವಿಲ್ಲ ಎನ್ನುವಂತೆ ಬಿಟ್ಟಳು.

“ಅಣ್ಣನ ಮೊಮ್ಮಗಳ ತೊಟ್ಟಲಕ್ಕ ಹೋಗಿದ್ನಿ,” ಎಂದಳು. “ಚೀಟಿ ಒಗದಿರಲಿಲ್ಲರಿ. ಕಾಗದ ಯಾವುದೂ ಒಗೀಬಾರದಂತ ಅವರ ಹೇಳತಿದ್ರು.”

ಅವಳು ಅತ್ತಳೂ ಇಲ್ಲ, ಸುಳ್ಳು ಹೇಳಲೂ ಇಲ್ಲ. ಎರಡು ವರ್ಷದ ಹಿಂದೆ ಅಂಕಲಗಿಯಲ್ಲಿ ಖಂಡೆಪ್ಪನ ಜೊತೆಯ ನೌಕರನೊಬ್ಬ ಹಾವು ಕಚ್ಚಿ ಸತ್ತಿದ್ದ. ಅವನ ಮಗನಿಗೆ ಆರು ತಿಂಗಳಲ್ಲಿ ನೌಕರಿ ಬಂತು. ವರ್ಷದೊಳಗೆ ಮದುವೆಯೂ ಆಯಿತು. ರಾಜಪ್ಪ ಪಿ.ಯು.ಸಿ. ಎರಡು ಸಲ ಕೂತು ನಪಾಸಾಗಿದ್ದ. ಹೆಣ್ಣು ಕೇಳಲು ಹೋದ ಐದು ಮನೆಯವರೂ ಹುಡುಗ ಏನು ಮಾಡುತ್ತಾನೆ ಎಂದು ಕೇಳಿ ಸುಮ್ಮನಾಗಿದ್ದರು.

“ಅಂಕಲಗಿಯಾಂವನ ದಿನಕ್ಕ ಉಂಡ ಬರೂ ಮುಂದ ಅವರ ನಕ್ಕೋತ ಅಂದ್ರು. ನಾನೂ ಈಗ ಸತ್ರ ನಿಮಗ ಛಲೋ ಆಕ್ಕಿತ್ತು ನೋಡ ಅಂತ. ಅವರ ನಕ್ಕ ಮರತ್ರು. ನಂಗ ಮರೀಲಿಲ್ಲ.”

ರಾಜಪ್ಪ ಗೋಡೆ ಹಿಡಿದು ನಿಂತಿದ್ದ.

“ಭಾನುವಾರ ಮನಿಗಿ ಬಂದ್ರು,” ಕೆಂಪವ್ವ ಮುಂದುವರಿಸಿದಳು. “ಸೋಮವಾರಾನೂ ಬಂದ್ರು. ಬಾಗಲದಾಗ ಸೈಕಲ್ ಸಪ್ಪಳಾದಾಗ ಜೀವಕ್ಕ ಹಾಯ್ ಅನಿಸಿತ್ರಿ. ಖರೆ ಹೇಳತೇನಿ. ಮಂಗಳವಾರ ಮತ್ತ ಹಾಕಿದ್ನಿ, ಜಾಸ್ತಿ. ಕಹಿ ಹತ್ತಬಾರದಂತ ಬೆಲ್ಲಾನೂ ಜಾಸ್ತಿ ಹಾಕಿದ್ನಿ. ಇವತ್ತ ಚಾ ಛಲೋ ಆಗೇತಿ ಅಂದ ಕುಡದ ಹ್ವಾದ್ರು.”

ಸಿದ್ರಾಮನಿಗೆ ಸೀನು ಬಂತು. ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. ಮಗನಿಗೆ ಇದು ಗೊತ್ತಿತ್ತೇ ಎಂದು ಕೇಳಿದ. ಇಲ್ಲ ಎಂದು ಅವಳು ಎಮ್ಮೆಯ ಮೇಲೆ ಆಣೆ ಮಾಡಿದಳು. ರಾಜಪ್ಪನ ಮುಖ ನೋಡಿದರೆ ಅದು ನಿಜವೆಂದೇ ತೋರಿತು.

ಮಹಿಳಾ ಕಾನ್‌ಸ್ಟೆಬಲ್ ತೋಳು ಹಿಡಿದು ಎಬ್ಬಿಸಿದಳು. ಕೆಂಪವ್ವ ಒಳಗೆ ಹೋಗಿ ಒಲೆಯ ಬೆಂಕಿಗೆ ನೀರು ಹಾಕಿ ಬಂದಳು. ಎಮ್ಮೆಗೆ ಸಂಜೆ ಹಿಂಡಿ ನೆನೆಸಿಡಲು ಮಗನಿಗೆ ಹೇಳಿದಳು. ಹೊರಗೆ ಜೀಪಿನ ಸುತ್ತ ಜನ ಸೇರಿದ್ದರು. ಆ ಗುಂಪಿನ ಹಿಂದೆ ಅಲ್ಲಪ್ಪನೂ ಇದ್ದ. ಅವಳು ಯಾರನ್ನೂ ನೋಡದೆ ನಡೆದು ಹೋಗಿ ಜೀಪಿನಲ್ಲಿ ಕೂತಳು.

ಸಿದ್ರಾಮ ಹೊಸ್ತಿಲು ದಾಟುವಾಗ ರಾಜಪ್ಪ ಹಿಂದಿನಿಂದ ಕರೆದ. ಕಣ್ಣು ಕೆಂಪಾಗಿದ್ದವು. ಅಪ್ಪನ ಬಗ್ಗೆ ಏನೋ ಕೇಳುತ್ತಾನೆ ಎಂದು ಸಿದ್ರಾಮ ನಿಂತ. ಅವ್ವನನ್ನು ಎಲ್ಲಿಗೆ ಒಯ್ಯುತ್ತೀರಿ ಎಂದಾದರೂ ಕೇಳಬಹುದಿತ್ತು.

“ಸೋಮವಾರ ಆರ್ಡರ್ ಬರತಿತ್ರಿ ಸಾಹೇಬ್ರ,” ಎಂದ ರಾಜಪ್ಪ. “ನಾಕ ದಿನ ತಡದ ಬರಬಹುದಿತ್ತಲ್ರಿ.”

ದೊಡ್ಡ ದನಿಯಲ್ಲಿ ಅನ್ನಲಿಲ್ಲ. ಆದರೂ ಜೀಪಿನವರೆಗೆ ಕೇಳಿಸಿತು. ಕೆಂಪವ್ವ ತಲೆ ಎತ್ತಿದಳು. ಗಂಡನ ಹೆಣ ಮನೆಗೆ ಬಂದ ದಿನ ಒಣಗಿದ್ದ ಕಣ್ಣಲ್ಲಿ ಈಗ ನೀರು ತುಂಬಿತು.

ಸಿದ್ರಾಮ ಬಂದು ಮುಂದಿನ ಸೀಟಿನಲ್ಲಿ ಕೂತ. ಜೀಪು ಮೂಡಲಗಿಯ ರಸ್ತೆಗೆ ತಿರುಗಿತು. ಊರು ಹಿಂದೆ ಬಿದ್ದ ಮೇಲೆ ಅವಳು ಒಂದೇ ಮಾತು ಆಡಿದಳು.

“ಅವಂಗ ಏನೂ ಅನಬ್ಯಾಡ್ರಿ. ಇನ್ನೂ ಸಣ್ಣಾಂವ ಅದಾನ.”